ಮೆಷಿನ್ ಅಕ್ಕನ ಮುಚ್ಚಳಿಕೆ

ಬೆಳಗಿನ ಐದಕ್ಕೆ ಇನ್ನೂ ಕಾಲು ಗಂಟೆ ಬಾಕಿ. ಆಸ್ಪತ್ರೆಯ ಹಿಂಬದಿಯ ನೀರಿನ ಕೋಣೆಯಲ್ಲಿ ಅಕ್ಕ ಒಬ್ಬರೇ ನಿಂತಿದ್ದಾರೆ. ಗೋಡೆಯುದ್ದಕ್ಕೂ ಆಳೆತ್ತರದ ಟ್ಯಾಂಕುಗಳು, ಅವುಗಳ ನಡುವೆ ಗುಂಯ್ ಎನ್ನುವ ಪಂಪು. ಕೊನೆಯ ನಲ್ಲಿಯಿಂದ ಬೆರಳುದ್ದದ ಗಾಜಿನ ನಳಿಕೆಗೆ ನೀರು ಹಿಡಿಯುತ್ತಾರೆ. ಚಿಟಿಕೆ ಪುಡಿ ಉದುರಿಸಿ, ಮುಚ್ಚಳ ಹಾಕಿ, ಅಲ್ಲಾಡಿಸಿ, ಟ್ಯೂಬ್‌ಲೈಟಿನ ಕೆಳಗೆ ಬಿಳಿ ಕಾಗದದ ಮುಂದೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಉಳಿದಿದೆ ಎಂದರ್ಥ. ಆ ನೀರಿನಲ್ಲಿ ಡಯಾಲಿಸಿಸ್ ಮಾಡುವ ಹಾಗಿಲ್ಲ. ಒಂದು ನಿಮಿಷ ಕಳೆಯುತ್ತದೆ. ನೀರು ನೀರಾಗಿಯೇ ಉಳಿಯುತ್ತದೆ.

“ಎಲ್ಲರೂ ಬಣ್ಣ ಬಂದ್ರೆ ಖುಷಿಪಡ್ತಾರೆ. ನಾನು ಬಣ್ಣ ಬರದೇ ಇದ್ರೆ ಖುಷಿಪಡೋಳು,” ಎನ್ನುತ್ತಾ ಅಕ್ಕ ಗೋಡೆಯ ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕುತ್ತಾರೆ. “ಕುಡಿಯೋ ನೀರಲ್ಲಿ ಹೆಚ್ಚುಕಡಿಮೆ ಇದ್ರೆ ಹೊಟ್ಟೆ ಹೇಗೋ ತಡ್ಕೊಳ್ಳುತ್ತೆ. ಇದು ರಕ್ತದ ಪಕ್ಕದಲ್ಲೇ ಹರಿಯೋ ನೀರು. ಇಲ್ಲಿ ತಪ್ಪಿದ್ರೆ ಕ್ಷಮೆ ಅನ್ನೋದಿಲ್ಲ.”

ಪಕ್ಕದ ಹಾಲ್‌ನಲ್ಲಿ ಆರು ಯಂತ್ರಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಅಕ್ಕ ಕೊಳವೆಗಳನ್ನು ಜೋಡಿಸಿ, ಅವುಗಳಲ್ಲಿ ಒಂದು ಗುಳ್ಳೆ ಗಾಳಿಯೂ ಉಳಿಯದ ಹಾಗೆ ಉಪ್ಪುನೀರು ಹರಿಸಿ, ಬೆರಳಿನಿಂದ ಟಪಟಪ ಬಡಿಯುತ್ತಾರೆ. ಐದೂವರೆಗೆ ಮೊದಲ ಸರದಿಯ ಆರು ಜನ ಬರುತ್ತಾರೆ. ಮೂತ್ರಪಿಂಡ ಕೆಟ್ಟವರ ಮೈಯಲ್ಲಿ ನೀರೂ ನಂಜೂ ತುಂಬಿಕೊಳ್ಳುತ್ತವೆ. ದಿನ ಬಿಟ್ಟು ದಿನ, ನಾಲ್ಕು ಗಂಟೆ, ಅವರ ರಕ್ತವನ್ನು ಹೊರಗೆ ತಂದು, ತೊಳೆದು, ಮತ್ತೆ ಒಳಗೆ ಕಳಿಸುವುದು ಈ ಯಂತ್ರಗಳ ಕೆಲಸ. ಅಷ್ಟು ಹೊತ್ತೂ ಆ ರಕ್ತವನ್ನು ಕಾಯುವುದು ಅಕ್ಕನ ಕೆಲಸ.

ಒಂದನೇ ಹಾಸಿಗೆ ನಿವೃತ್ತ ಗಣಿತದ ಮೇಷ್ಟ್ರದು. ಮಲಗುವ ಮೊದಲು ತೂಕದ ಯಂತ್ರ ಹತ್ತಬೇಕು. ಅದೇ ಅವರಿಗೆ ಕಷ್ಟದ ಕೆಲಸ.

“ಮೊನ್ನೆಯಿಂದ ಎಷ್ಟು ನೀರು ಕುಡಿದ್ರಿ ಮೇಷ್ಟ್ರೇ?”

“ಲೆಕ್ಕ ಇಟ್ಟಿದ್ದೀನಮ್ಮ. ದಿನಕ್ಕೆ ಮೂರೇ ಲೋಟ.”

“ಮೂರು ಕಿಲೋ ಜಾಸ್ತಿ ತೋರಿಸ್ತಿದೆಯಲ್ಲ?”

“ಆ ಯಂತ್ರಕ್ಕೆ ಗಣಿತ ಬರಲ್ಲ.”

“ಲೋಟ ದೊಡ್ಡದಿರಬೇಕು. ನಾಡಿದ್ದು ಬರುವಾಗ ತನ್ನಿ, ನಾನೂ ನೋಡ್ತೀನಿ,” ಎಂದು ಅಕ್ಕ ಅವರ ಎಡಗೈಯ ಮೇಲೆ ಮೂರು ಬೆರಳಿಡುತ್ತಾರೆ. ಅಲ್ಲಿ ಚರ್ಮದಡಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಕೂಡಿಸಿದ ರಕ್ತನಾಳ, ಮುಷ್ಟಿಯಲ್ಲಿ ಹಿಡಿದ ದುಂಬಿಯಂತೆ ಮಿಡಿಯುತ್ತಿರುತ್ತದೆ. ಆ ಮಿಡಿತ ಬೆರಳಿಗೆ ಸಿಕ್ಕ ಮೇಲೆಯೇ ಸೂಜಿ. ಎರಡು ಸೂಜಿ, ಎರಡೂ ಒಂದೇ ಪ್ರಯತ್ನಕ್ಕೆ. ಮೇಷ್ಟ್ರು ಆ ಕಡೆ ಮುಖ ತಿರುಗಿಸುವುದರೊಳಗೆ ಕೆಲಸ ಮುಗಿದಿರುತ್ತದೆ.

ಹೊರಗಿನ ಫಲಕದಲ್ಲಿ ವಾರಕ್ಕೊಮ್ಮೆ ಬರುವ ತಜ್ಞ ವೈದ್ಯರ ಹೆಸರಿದೆ, ಯಂತ್ರ ಕೊಟ್ಟವರ ಹೆಸರಿದೆ, ಉದ್ಘಾಟಿಸಿದವರ ಹೆಸರು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದೆ. ಅಕ್ಕನ ಹೆಸರು ಎಲ್ಲೂ ಇಲ್ಲ. ರೋಗಿಗಳಿಗೂ ಅದು ಗೊತ್ತಿಲ್ಲ. ಎಪ್ಪತ್ತರ ಮೇಷ್ಟ್ರಿಂದ ಹಿಡಿದು ಹತ್ತೊಂಬತ್ತರ ಹುಡುಗಿಯವರೆಗೆ ಎಲ್ಲರಿಗೂ ಅವರು ‘ಮೆಷಿನ್ ಅಕ್ಕ’.

ಈ ಅಕ್ಕ ಹದಿನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಗೆ ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಆಗ ಅವರಿಗೆ ಇಪ್ಪತ್ತೇಳು. ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದರು. ಮುಂದಿನ ಓದು ಮದುವೆಯ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಗಂಡ ವ್ಯಾನ್ ಓಡಿಸುತ್ತಿದ್ದರು. ಮನೆಯಲ್ಲಿ ಅತ್ತೆ, ಎರಡು ವರ್ಷದ ಮಗಳು. ಒಬ್ಬರ ದುಡಿಮೆಯಲ್ಲಿ ಸಂಸಾರ ಕುಂಟುತ್ತಿತ್ತು.

ಅವರು ಸೇರಿದ ಮರುವರ್ಷ ಆಸ್ಪತ್ರೆಗೆ ಆರು ಡಯಾಲಿಸಿಸ್ ಯಂತ್ರಗಳು ಬಂದವು. ಭಾಷಣವಾಯಿತು, ಫೋಟೊ ಆಯಿತು. ಆದರೆ ಓಡಿಸಲು ತಂತ್ರಜ್ಞರೇ ಇಲ್ಲ. ಮೂರು ಬಾರಿ ಜಾಹೀರಾತು ಕೊಟ್ಟರೂ ಅಷ್ಟು ದೂರದ ಸಣ್ಣ ಊರಿಗೆ ಯಾರೂ ಬರಲಿಲ್ಲ. ಕಡಲೆ ಇತ್ತು, ಹಲ್ಲಿರಲಿಲ್ಲ. ಯಂತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿ ಕೋಣೆಗೆ ಬೀಗ ಹಾಕಿದರು. ಬೀಗದ ಕೈ ಮಾತ್ರ ಅಕ್ಕನ ಸೊಂಟದಲ್ಲಿತ್ತು, ಏಕೆಂದರೆ ಯಾರೂ ಕಾಲಿಡದ ಆ ಕೋಣೆಯನ್ನೂ ದಿನಾ ಗುಡಿಸಬೇಕಿತ್ತು.

“ಬೆಳಿಗ್ಗೆ ನಾನು ಧೂಳು ಒರೆಸೋಕೆ ಆ ರೂಮು ತೆಗೆಯೋ ಹೊತ್ತಿಗೆ, ನಮ್ಮನೆಯವರು ಎಂಟು ಜನ ಪೇಷಂಟನ್ನ ವ್ಯಾನಲ್ಲಿ ತುಂಬಿಸ್ಕೊಂಡು ದೊಡ್ಡ ಊರಿಗೆ ಹೊರಟಿರ್ತಿದ್ರು,” ಅಕ್ಕ ನೆನೆಯುತ್ತಾರೆ. “ಹೋಗ್ತಾ ತೊಂಬತ್ತು ಕಿಲೋಮೀಟ್ರು, ಬರ್ತಾ ತೊಂಬತ್ತು. ಯಾವುದಕ್ಕೆ? ಇದೇ ಮೆಷಿನ್ನಿಗೆ! ಇಲ್ಲಿ ಆರು ಮೆಷಿನ್ನು ಮುಸುಕು ಹಾಕ್ಕೊಂಡು ಮಲಗಿವೆ. ನನಗೆ ಹೊಟ್ಟೆ ಉರೀತಿತ್ತು. ಒರೆಸ್ತಾ ಒರೆಸ್ತಾ ಅವುಗಳಿಗೇ ಬೈತಿದ್ದೆ.”

ಹೀಗೆ ಮೂರು ವರ್ಷ. ಒಂದು ದಿನ ಸೂಚನಾ ಫಲಕದ ಗಾಜು ಒರೆಸುವಾಗ ಒಳಗೊಂದು ಹೊಸ ಕಾಗದ ಕಂಡಿತು. ಜನ ಸಿಗದ ಕೆಲಸಗಳ ಪಟ್ಟಿ ಮಾಡಿ, ಅವನ್ನು ಕಲಿಯುವ ಸ್ಥಳೀಯರಿಗೆ ವಿದ್ಯಾರ್ಥಿವೇತನ ಕೊಡುವ ಯೋಜನೆ ಅದು. ಪಟ್ಟಿಯಲ್ಲಿ ನಾಲ್ಕನೆಯದು ಡಯಾಲಿಸಿಸ್ ತಂತ್ರಜ್ಞ. ಎರಡು ವರ್ಷದ ಓದು, ಒಂದು ವರ್ಷದ ತರಬೇತಿ. ಶುಲ್ಕ, ಹಾಸ್ಟೆಲ್, ಕೈಖರ್ಚು ಎಲ್ಲವೂ ಯೋಜನೆಯದೇ. ಓದು ಮುಗಿದ ಮೇಲೆ ಊರಿಗೆ ಮರಳಿ ಐದು ವರ್ಷ ಅದೇ ಕೆಲಸ ಮಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ವಯಸ್ಸಿನ ಮಿತಿ ಇಲ್ಲ. ಕೊನೆಯ ಸಾಲನ್ನು ಅಕ್ಕ ಮತ್ತೆ ಮತ್ತೆ ಓದಿದರು. “ಆ ಗಾಜು ಅವತ್ತು ಹೊಳೆದಷ್ಟು ಯಾವತ್ತೂ ಹೊಳೆದಿಲ್ಲ,” ಎಂದು ನಗುತ್ತಾರೆ. “ಒಂದೇ ಕಡೆ ಅರ್ಧ ಗಂಟೆ ಒರೆಸಿದ್ದೆ.”

ಮನೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಮಗಳಿಗೆ ಆರು ವರ್ಷ. ಮೂರು ವರ್ಷ ಮನೆ ಬಿಟ್ಟಿರಬೇಕು. ಗಂಡ ಕೇಳಿದರು: “ಅಲ್ಲ ಕಣೇ, ನೀನು ಓದ್ಕೊಂಡು ಬಂದು ಆ ರೂಮು ತೆಗೆದ್ರೆ ನನ್ನ ವ್ಯಾನಲ್ಲಿ ಯಾರು ಕೂತ್ಕೋತಾರೆ?” ತಮಾಷೆಯ ಧಾಟಿಯಲ್ಲಿ ಕೇಳಿದರೂ ಅದು ತಮಾಷೆಯಾಗಿರಲಿಲ್ಲ. ವಾರಕ್ಕೆ ಆರು ದಿನ ಆ ವ್ಯಾನ್ ಓಡುತ್ತಿದ್ದುದೇ ಈ ರೋಗಿಗಳಿಂದ.

ಓಣಿಯ ಬಾಯಿಗಳೂ ಸುಮ್ಮನಿರಲಿಲ್ಲ. ಈ ವಯಸ್ಸಿನಲ್ಲಿ ಓದೇ? ಐದು ವರ್ಷ ಜೀತಕ್ಕೆ ಬರೆದುಕೊಡುವುದೇ? ನಾಳೆ ಮನಸ್ಸು ಬದಲಾದರೆ? ಮುಚ್ಚಳಿಕೆಗೆ ಜಾಮೀನು ಸಹಿ ಬೇಕಿತ್ತು. ಅಕ್ಕನ ಅಣ್ಣ ಯೋಚಿಸಿ ಹೇಳುತ್ತೇನೆ ಎಂದವರು ಯೋಚಿಸುತ್ತಲೇ ಉಳಿದರು. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಅತ್ತೆ ಕಾಗದ ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ, ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು.

ಅವರೀಗ ಎಪ್ಪತ್ತೆರಡರ ಗಟ್ಟಿ ಜೀವ. ಆ ದಿನ ಹೇಳಿದ್ದನ್ನು ಈಗಲೂ ಹಾಗೇ ಹೇಳುತ್ತಾರೆ: “ಮದುವೆಯಾಗಿ ಈ ಮನೆಗೆ ಬಂದಾಗ ನಾನು ಇಡೀ ಜನ್ಮಕ್ಕೇ ಬರ್ಕೊಟ್ಟೆ. ಜಾಮೀನು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಇದು ಬರೀ ಐದು ವರ್ಷ. ಅದೂ ಸಂಬಳ ಕೊಟ್ಟು! ಇದಕ್ಕೆ ಜೀತ ಅಂತಾರಾ? ನಾನು ಓದಿದ್ದಿದ್ರೆ ನಾನೇ ಹೋಗ್ತಿದ್ದೆ.”

ಕಾಲೇಜಿನಲ್ಲಿ ಅಕ್ಕನಿಗೆ ಮೂವತ್ತೊಂದು, ಪಕ್ಕದ ಬೆಂಚಿನವರಿಗೆ ಹದಿನೆಂಟು. ಮೊದಲ ದಿನ ಅವರು ತರಗತಿಗೆ ಕಾಲಿಟ್ಟಾಗ ಮಕ್ಕಳೆಲ್ಲ ಅಧ್ಯಾಪಕರು ಬಂದರೆಂದು ಎದ್ದು ನಿಂತರು. ಮರುದಿನದಿಂದ ‘ಆಂಟಿ’ ಎಂದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ವಿಷಯ ಫೇಲು. ಆ ಸಂಜೆ ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತಿದ್ದನ್ನು ಅವರು ಮುಚ್ಚಿಡುವುದಿಲ್ಲ. “ಪೆಟ್ಟಿಗೆ ಕಟ್ಟಿದ್ದೆ. ಬೆಳಿಗ್ಗೆ ನಮ್ಮನೆಯವರ ವ್ಯಾನ್ ಬರುತ್ತಲ್ಲ, ಅದರಲ್ಲೇ ವಾಪಸ್ ಹೋಗೋಣ ಅಂತ.”

ವ್ಯಾನ್ ಬಂತು. ಕಾಲೇಜಿನ ಆಸ್ಪತ್ರೆಗೇ ಅದು ರೋಗಿಗಳನ್ನು ಕರೆತರುತ್ತಿದ್ದುದು. ಗಂಡ ಪೆಟ್ಟಿಗೆಗೆ ಕೈ ಹಾಕಿದರು. ತಡೆದದ್ದು ವ್ಯಾನಿನಿಂದ ಇಳಿದ ರೋಗಿಗಳಲ್ಲೊಬ್ಬರಾದ ಇದೇ ಗಣಿತದ ಮೇಷ್ಟ್ರು. “ಎಷ್ಟು ಬಂತು?” ಎಂದು ಕೇಳಿದರು. ಅಕ್ಕ ಹೇಳಿದರು. “ಅಷ್ಟೇನಾ? ನನ್ನ ಶಿಷ್ಯರು ಸೊನ್ನೆಯಿಂದ ಮೇಲೆ ಬಂದಿದ್ದಾರೆ. ನಾನು ನಾಲ್ಕು ಗಂಟೆ ಅಲ್ಲಿ ಕಟ್ಟಿಹಾಕಿದ ಹಾಗೆ ಮಲಗಿರ್ತೀನಿ. ಕೈಗೆ ಸೂಜಿ ಹಾಕಿದ್ದಾರೆ, ಬಾಯಿಗೆ ಹಾಕಿಲ್ಲ. ಪುಸ್ತಕ ತಗೊಂಡು ಬಾ.”

ಅಂದಿನಿಂದ ದಿನ ಬಿಟ್ಟು ದಿನ, ಊಟದ ವಿರಾಮದಲ್ಲಿ, ಮೇಷ್ಟ್ರ ಹಾಸಿಗೆಯೇ ಅಕ್ಕನ ಮನೆಪಾಠದ ಶಾಲೆ. ಒತ್ತಡ, ಸಾಂದ್ರತೆ, ಹರಿವು, ಎಲ್ಲವನ್ನೂ ಅವರು ತಮ್ಮದೇ ರಕ್ತ ಸುತ್ತುತ್ತಿದ್ದ ಕೊಳವೆಗಳನ್ನು ತೋರಿಸಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಬಳಿಕ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಲು ಹೇಳುತ್ತಿದ್ದರು. ಮಗಳು ಬರೆದ ಚೀಟಿಗಳೂ ಒಗೆದ ಬಟ್ಟೆಯ ಚೀಲವೂ ಅದೇ ವ್ಯಾನಿನಲ್ಲಿ ಬರುತ್ತಿದ್ದವು. ಒಮ್ಮೆ ಮಗಳು ಬರೆದಿದ್ದಳು: ‘ಅಮ್ಮಾ, ನಾನೂ ಗಣಿತದಲ್ಲಿ ಫೇಲು. ನಾವಿಬ್ಬರೂ ಒಂದೇ.’

ಎರಡನೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಸೋಂಕು ತಡೆಯುವ ಪಾಠದ ಪ್ರಾಯೋಗಿಕ ಪರೀಕ್ಷೆ. ಬಳಸಿದ ಯಂತ್ರವನ್ನೂ ಹಾಸಿಗೆಯನ್ನೂ ಶುಚಿ ಮಾಡಿ ತೋರಿಸಬೇಕು. ಮೇಲಿನಿಂದ ಕೆಳಕ್ಕೆ, ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ, ಒಂದು ಬಟ್ಟೆ ಒಂದೇ ಜಾಗಕ್ಕೆ. ನಲವತ್ತು ಜನರಲ್ಲಿ ಒಬ್ಬರೇ ಒಬ್ಬರು ತಪ್ಪಿಲ್ಲದೆ ಮಾಡಿದರು. ಪರೀಕ್ಷಕಿ ಎಲ್ಲಿ ಕಲಿತಿರಿ ಎಂದು ಕೇಳಿದಾಗ ಅಕ್ಕ ಹಿಂದೆಮುಂದೆ ನೋಡದೆ, “ನಾಲ್ಕು ವರ್ಷ ಇದೇ ಹೊಟ್ಟೆಪಾಡು ಮೇಡಂ,” ಎಂದರು. ಪರೀಕ್ಷಕಿ ಉಳಿದವರತ್ತ ತಿರುಗಿ, “ಎಲ್ಲರೂ ಇವರ ಹತ್ತಿರ ಹೇಳಿಸ್ಕೊಳ್ಳಿ,” ಎಂದರು. ಆ ಮೇಲೆ ಯಾರೂ ಆಂಟಿ ಎನ್ನಲಿಲ್ಲ. ‘ಅಕ್ಕ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಕೊನೆಯ ಪರೀಕ್ಷೆಯಲ್ಲಿ ಅವರು ತರಗತಿಗೆ ಎರಡನೆಯವರಾಗಿ ಪಾಸಾದರು.

ಇಷ್ಟಾದ ಮೇಲೆ ಕಥೆ ಸುಖಾಂತ್ಯವಾಗಬೇಕಿತ್ತು. ಊರಿಗೆ ಮರಳಿದ ಅಕ್ಕನನ್ನು ಆಸ್ಪತ್ರೆ ಕೂರಿಸಿದ್ದು ಹೊರರೋಗಿಗಳ ಚೀಟಿ ಬರೆಯುವ ಕಿಟಕಿಯಲ್ಲಿ! ಆರು ವರ್ಷ ಮುಸುಕಿನಲ್ಲಿದ್ದ ಯಂತ್ರಗಳು ಕೆಟ್ಟಿರಬಹುದು, ನೀರಿನ ಘಟಕ ಒಣಗಿಹೋಗಿದೆ, ರಿಪೇರಿಗೆ ಬರೆದಿದ್ದೇವೆ, ನೋಡೋಣ ಎಂಬ ಉತ್ತರ. ಆಸ್ಪತ್ರೆಯ ಮುಖ್ಯಾಧಿಕಾರಿ ಕೆಟ್ಟವರಲ್ಲ, ದಣಿದವರು. “ನಿಮಗೇನಮ್ಮ ಚಿಂತೆ? ಐದು ವರ್ಷ ಇಲ್ಲಿ ಇದ್ರಾಯ್ತು. ಚೀಟಿ ಬರೀರಿ, ಕಾಲ ಕಳೀರಿ, ಮುಚ್ಚಳಿಕೆ ತೀರುತ್ತೆ,” ಎಂದು ಸಮಾಧಾನ ಹೇಳಿದರು.

ಮೂರು ವಾರ ಅಕ್ಕ ಚೀಟಿ ಬರೆದರು. ನಾಲ್ಕನೇ ವಾರದ ಒಂದು ಬೆಳಿಗ್ಗೆ ಗಂಡನ ವ್ಯಾನ್ ದೊಡ್ಡ ಊರಿನ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಎಂಟು ರೋಗಿಗಳು ನಾಲ್ಕು ಗಂಟೆ ರಸ್ತೆಬದಿಯಲ್ಲಿ. ಅವರಲ್ಲಿ ಬಟ್ಟೆ ಹೊಲಿಯುವ ದರ್ಜಿ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಎದುರಿಗೆ ಬಂದ ಲಾರಿಯೊಂದು ಅವರನ್ನು ಹತ್ತಿಸಿಕೊಂಡು ಊರಿನ ಆಸ್ಪತ್ರೆಗೇ ವಾಪಸ್ ತಂದಿತು. ಅಕ್ಕನ ಕಿಟಕಿಯ ಮುಂದೆಯೇ ಸ್ಟ್ರೆಚರ್ ಹಾದುಹೋಯಿತು. ಬೀಗ ಹಾಕಿದ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ದರ್ಜಿ ಅಮ್ಮನಿಗೆ ಆಮ್ಲಜನಕ ಕೊಟ್ಟು, ಆಂಬುಲೆನ್ಸ್ ಕರೆಸಿ, ಮತ್ತೆ ಅದೇ ತೊಂಬತ್ತು ಕಿಲೋಮೀಟರ್ ಕಳಿಸಿದರು. ಜೀವ ಉಳಿಯಿತು. ಕೂದಲೆಳೆಯಲ್ಲಿ.

“ಅವತ್ತು ಅವರ ಹೆಸರಿನ ಚೀಟಿ ಬರೆದಿದ್ದು ನಾನೇ,” ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. “ಕೈಯಲ್ಲಿ ವಿದ್ಯೆ ಇದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಮೆಷಿನ್ ಇದೆ. ನಾನು ಚೀಟಿ ಬರೀತಿದ್ದೀನಿ. ನನಗೆ ನನ್ನ ಮೇಲೇ ಅಸಹ್ಯ ಆಗಿಹೋಯ್ತು.”

ಮರುದಿನ ಅಕ್ಕ ಕಿಟಕಿಯಲ್ಲಿ ಕೂರಲಿಲ್ಲ. ಟ್ರಂಕಿನ ತಳದಿಂದ ಮುಚ್ಚಳಿಕೆಯ ನಕಲು ತೆಗೆದು, ಮೇಷ್ಟ್ರ ಮನೆಗೆ ಹೋಗಿ ಒಂದೊಂದು ಸಾಲೂ ಓದಿಸಿಕೊಂಡು, ನೇರ ಮುಖ್ಯಾಧಿಕಾರಿಯ ಕೋಣೆಗೆ ನಡೆದರು. ಒಂಬತ್ತನೇ ಕಲಮನ್ನು ಗಟ್ಟಿಯಾಗಿ ಓದಿದರು: ‘ಫಲಾನುಭವಿಯು ಸ್ಥಳೀಯವಾಗಿ ಡಯಾಲಿಸಿಸ್ ತಂತ್ರಜ್ಞರಾಗಿ ಐದು ವರ್ಷ ಸೇವೆ ಸಲ್ಲಿಸತಕ್ಕದ್ದು.’

“ತಕ್ಕದ್ದು ಅಂತ ಇದೆ ಸರ್. ಚೀಟಿ ಬರೆಯತಕ್ಕದ್ದು ಅಂತ ಇಲ್ಲ.”

“ಅದು ಮಾತಿಗೆ ಹಾಗೆ ಬರೆದಿರ್ತಾರಮ್ಮ.”

“ಮಾತಿಗೆ ಅಂತ ನಮ್ಮತ್ತೆ ಸಹಿ ಹಾಕಿಲ್ಲ ಸರ್. ಈ ಕುರ್ಚೀಲಿ ನಾನು ಐದು ವರ್ಷ ಕೂತ್ರೆ ಮುಚ್ಚಳಿಕೆ ಮುರಿದ ಹಾಗೆ. ಮುರಿದಿದ್ದು ನಾನಲ್ಲ, ಆಸ್ಪತ್ರೆ ಅಂತ ಒಂದು ಹಾಳೇಲಿ ಬರ್ಕೊಡಿ. ನಾನು ಇವತ್ತೇ ದೊಡ್ಡ ಊರಿಗೆ ಹೋಗ್ತೀನಿ. ಅಲ್ಲಾದ್ರೂ ನಮ್ಮೂರಿನವರನ್ನೇ ನೋಡ್ಕೊಳ್ತೀನಿ.”

ಊರೆಲ್ಲ ಜೀತದ ಕಾಗದ ಎಂದಿದ್ದ ಮುಚ್ಚಳಿಕೆ ಆ ಕೋಣೆಯಲ್ಲಿ ತಿರುಗಿ ನಿಂತಿತ್ತು. ಅದರಲ್ಲಿ ಅತ್ತೆಯ ಜಾಮೀನು ಸಹಿಯಲ್ಲದೆ ಇನ್ನೂ ಎರಡು ಸಹಿಗಳಿದ್ದವು. ಒಂದು ಅಕ್ಕನದು, ಇನ್ನೊಂದು ಯೋಜನೆಯ ಪರವಾಗಿ ಇದೇ ಅಧಿಕಾರಿಯದು. ಅವರು ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಬಳಿಕ ಬೀಗದ ಕೈ ಎಲ್ಲಿದೆ ಎಂದು ಗುಮಾಸ್ತರನ್ನು ಕೇಳಿದರು. ಮಧ್ಯಾಹ್ನದೊಳಗೆ ಅಕ್ಕನೂ ಅಧಿಕಾರಿಯೂ ಕೋಣೆಯ ಪ್ಲಾಸ್ಟಿಕ್ ಎಳೆದು ಹಾಕುತ್ತಿದ್ದರು. ಅಲ್ಲಿಂದ ಮುಂದೆ ಅಕ್ಕನಿಗಿಂತ ಹೆಚ್ಚು ಓಡಾಡಿದ್ದು ಆ ದಣಿದ ಅಧಿಕಾರಿಯೇ ಎನ್ನುವುದನ್ನು ಹೇಳಲೇಬೇಕು.

ಕಂಪನಿಯ ಇಂಜಿನಿಯರ್ ಬಂದು ಆರು ಯಂತ್ರಗಳಲ್ಲಿ ಎರಡು ಸತ್ತಿವೆ ಎಂದರು. ಆ ಎರಡರ ಬಿಡಿಭಾಗ ಬಿಚ್ಚಿ ಉಳಿದ ನಾಲ್ಕಕ್ಕೆ ಜೀವ ತುಂಬಿದರು. ನೀರಿನ ಘಟಕದ ಶೋಧಕಗಳೆಲ್ಲ ಹೊಸದಾಗಿ ಬಂದವು. ಏಳು ತಿಂಗಳು ಹಿಡಿಯಿತು. ಕೊನೆಗೊಂದು ದಿನ ಬಾಗಿಲಿಗೆ ರಿಬ್ಬನ್ ಕಟ್ಟಿ, ಹೊರಗೆ ಕುರ್ಚಿ ಹಾಕಿ, ಗಣ್ಯರು ಬಂದು ಕೂತರು. ನಾಲ್ವರು ರೋಗಿಗಳು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ಅಕ್ಕ ನೀರಿನ ಕೋಣೆಗೆ ಹೋಗಿ ನಳಿಕೆಯಲ್ಲಿ ನೀರು ಹಿಡಿದರು. ಗುಲಾಬಿ.

ಇನ್ನೊಮ್ಮೆ ಹಿಡಿದರು. ಮತ್ತೂ ಗುಲಾಬಿ.

ಹೊರಗೆ ಬಂದು ಇವತ್ತು ಆಗುವುದಿಲ್ಲ ಎಂದರು. ಗಣ್ಯರ ಕಡೆಯವರು ಒಬ್ಬರು ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಫೋಟೊಗೆ ಸಾಕು ಎಂದರು. “ರಿಬ್ಬನ್ ಎಷ್ಟು ಬೇಕಾದ್ರೂ ಕತ್ತರಿಸ್ಕೊಳ್ಳಿ ಸರ್. ನಾನು ಸೂಜಿ ಮಾತ್ರ ಹಾಕಲ್ಲ,” ಎಂದರು ಅಕ್ಕ. ಯಾರ ಮುಖದಲ್ಲೂ ಕಳೆ ಇರಲಿಲ್ಲ. ಗಂಡ ವ್ಯಾನ್ ಚಾಲೂ ಮಾಡಿ ಹೊಸ ಬಟ್ಟೆಯ ನಾಲ್ವರನ್ನೂ ದೊಡ್ಡ ಊರಿಗೆ ಕರೆದೊಯ್ದರು. ಓಣಿಯಲ್ಲಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ಎರಡು ದಿನ ಓಡಾಡಿತು. ಇಂಜಿನಿಯರ್ ಬಂದು ನೋಡಿದರೆ, ಕ್ಲೋರಿನ್ ಹೀರುವ ಇದ್ದಿಲಿನ ಟ್ಯಾಂಕಿನ ಒಂದು ಕವಾಟ ಅರ್ಧಂಬರ್ಧ ತೆರೆದುಕೊಂಡು, ನೀರು ಪಕ್ಕದ ದಾರಿಯಿಂದ ನುಸುಳುತ್ತಿತ್ತು. ಆ ದಿನ ಓಡಿಸಿದ್ದರೆ ನಾಲ್ವರ ರಕ್ತಕ್ಕೂ ಅಪಾಯವಿತ್ತು ಎಂದು ಅವರು ಬರೆದುಕೊಟ್ಟರು. ಓಣಿಯ ಮಾತು ನಿಂತಿತು.

ಮೂರನೇ ದಿನ ರಿಬ್ಬನ್ ಇಲ್ಲ, ಕುರ್ಚಿ ಇಲ್ಲ. ನೀರಿಗೆ ಬಣ್ಣ ಬರಲಿಲ್ಲ. ಮೊದಲ ಸೂಜಿ ಮೇಷ್ಟ್ರಿಗೆ. ಯಂತ್ರದ ಚಕ್ರ ತಿರುಗಿ, ಕೊಳವೆಯುದ್ದಕ್ಕೂ ಕೆಂಪು ಏರಿತು. ಮೇಷ್ಟ್ರು ಗಡಿಯಾರ ನೋಡಿದರು, ಯಂತ್ರ ನೋಡಿದರು, “ಹರಿವು ಎಷ್ಟಿಟ್ಟಿದ್ದೀಯ? ಇಂಗ್ಲಿಷಲ್ಲಿ ಹೇಳು,” ಎಂದರು. ಅಕ್ಕ ಹೇಳಿದರು. ಹೇಳುತ್ತಾ ಅತ್ತರು. ಹತ್ತು ಗಂಟೆಗೆಲ್ಲ ಮುಗಿಯಿತು. ಹತ್ತೂಕಾಲಿಗೆ ಮೇಷ್ಟ್ರು ಮನೆಯ ಬಾಗಿಲು ತಟ್ಟಿದಾಗ ಅವರ ಹೆಂಡತಿ ಎದೆ ಹಿಡಿದುಕೊಂಡು ಹೊರಬಂದರು. ಏಳು ವರ್ಷದಲ್ಲಿ ಡಯಾಲಿಸಿಸ್ ದಿನ ಅವರು ಗಂಡನನ್ನು ಸಂಜೆಗೆ ಮುಂಚೆ ನೋಡಿದ್ದೇ ಇಲ್ಲ. ಏನಾಯಿತೋ ಎಂದು ಗಾಬರಿ. “ಏನೂ ಆಗಿಲ್ಲ ಮಾರಾಯ್ತಿ, ಮುಗಿದೇಹೋಯ್ತು. ಮಧ್ಯಾಹ್ನಕ್ಕೆ ಏನು ಅಡುಗೆ?” ಎಂದರಂತೆ ಮೇಷ್ಟ್ರು.

ವ್ಯಾನಿನ ಕಥೆ ಅಷ್ಟು ಸುಲಭವಿರಲಿಲ್ಲ. ದೊಡ್ಡ ಊರಿನ ಪ್ರಯಾಣ ನಿಂತ ಮೇಲೆ ಮೂರು ತಿಂಗಳು ಅದು ಮನೆಯ ಮುಂದೆ ಧೂಳು ತಿಂದಿತು. ಗಂಡ ಹೆಂಡತಿಯೊಡನೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಒಂದು ದಿನ ಅಂದುಬಿಟ್ಟೆ,” ಎಂದು ಅವರು ತಲೆ ಕೆರೆದುಕೊಳ್ಳುತ್ತಾರೆ. “ಅಮ್ಮ ಕೇಳಿಸ್ಕೊಂಡ್ಲು. ಆಮೇಲೆ ನನಗೆ ಆಗಿದ್ದು ಬೇಡ ಬಿಡಿ.” ದಾರಿ ತೋರಿಸಿದ್ದೂ ಅಮ್ಮನೇ. ಸುತ್ತಲ ಹಳ್ಳಿಗಳಿಂದ ಆಸ್ಪತ್ರೆಗೆ ಬರಲು ರೋಗಿಗಳು ಪಡುತ್ತಿದ್ದ ಪಾಡನ್ನು ಮಗನ ಕಿವಿಗೆ ಹಾಕಿದರು. ಈಗ ಆ ವ್ಯಾನ್ ಹದಿನೈದು ಕಿಲೋಮೀಟರ್ ವ್ಯಾಪ್ತಿಯಲ್ಲಿ ದಿನಕ್ಕೆ ಮೂರು ಸುತ್ತು ಹಾಕುತ್ತದೆ, ಪ್ರತಿ ಸರದಿಗೂ ರೋಗಿಗಳನ್ನು ತರುತ್ತದೆ, ಬಿಡುತ್ತದೆ. ಮೊದಲಿಗಿಂತ ಹೆಚ್ಚು ಜನ ಹತ್ತುತ್ತಾರೆ. “ಹೆಂಡ್ತಿ ಓದಿ ನನ್ನ ಕೆಲಸ ಕಿತ್ಕೊಂಡ್ಲು, ಅವಳೇ ವಾಪಸ್ ಕೊಟ್ಲು,” ಎಂದು ಹಾರ್ನ್ ಬಾರಿಸುತ್ತಾರೆ.

ಇವತ್ತು ಘಟಕದಲ್ಲಿ ಮತ್ತೆ ಆರು ಯಂತ್ರಗಳಿವೆ. ಮೂವತ್ತನಾಲ್ಕು ರೋಗಿಗಳು, ವಾರಕ್ಕೆ ಮೂರು ಬಾರಿಯಂತೆ. ದಿನಕ್ಕೆ ಹದಿನೇಳು ಡಯಾಲಿಸಿಸ್, ಮೂರು ಸರದಿ. ಐದು ವರ್ಷದಲ್ಲಿ ಎಣಿಕೆ ಇಪ್ಪತ್ತು ಸಾವಿರ ದಾಟಿದೆ. ದರ್ಜಿ ಅಮ್ಮ ಎರಡನೇ ಸರದಿಗೆ ಬರುತ್ತಾರೆ, ಅವರ ಅಂಗಡಿ ಮತ್ತೆ ತೆರೆದಿದೆ. ಹತ್ತೊಂಬತ್ತರ ಹುಡುಗಿ ಮೂರನೇ ಸರದಿಯಲ್ಲಿ ಮಲಗಿ ಕಾಲೇಜಿನ ಟಿಪ್ಪಣಿ ಬರೆಯುತ್ತಾಳೆ. ಅದೇ ವಿದ್ಯಾರ್ಥಿವೇತನದಲ್ಲಿ ಓದಿ ಬಂದ ಇನ್ನಿಬ್ಬರು ತಂತ್ರಜ್ಞೆಯರು ಈಗ ಸರದಿಗಳನ್ನು ಹಂಚಿಕೊಂಡಿದ್ದಾರೆ. ಇಬ್ಬರಿಗೂ ಅಕ್ಕ ಮೊದಲು ಕಲಿಸಿದ್ದು ನೆಲ ಒರೆಸುವುದನ್ನು.

ಕಳೆದ ತಿಂಗಳು ಯೋಜನೆಯ ಕಚೇರಿಯಿಂದ ಪತ್ರ ಬಂತು. ಐದು ವರ್ಷದ ಸೇವೆ ಪೂರ್ಣವಾಗಿದೆ, ಮುಚ್ಚಳಿಕೆಯಿಂದ ತಾವು ಮುಕ್ತರು. ಅದರ ಬೆನ್ನಿಗೇ ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರಿಂದ ಕರೆ, ಒಂದೂವರೆ ಪಟ್ಟು ಸಂಬಳ. ಪತ್ರ ಬಂದಾಗ ಅಕ್ಕ ನಾಲ್ಕನೇ ಯಂತ್ರದಲ್ಲಿ ರಕ್ತದೊತ್ತಡ ಕುಸಿದವರೊಬ್ಬರ ಕಾಲು ಎತ್ತಿ ಹಿಡಿದಿದ್ದರು. ಸಂಜೆ ಓದಿದರು. ಅತ್ತೆ, “ಬಿಡುಗಡೆ ಆಯ್ತಂತಲ್ಲ? ಏನು ಮಾಡ್ತೀಯ?” ಎಂದು ಕೇಳಿದರು. “ನಾಳೆ ಐದಕ್ಕೆ ನೀರು ನೋಡಬೇಕತ್ತೆ,” ಎಂದು ಸೊಸೆ ಮಲಗಲು ಹೋದರು. ಅತ್ತೆಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಓಣಿಯ ಪ್ರತಿ ಮನೆಗೂ ಹೋಗಿ ಹೇಳಿಬಂದರು. ಜೀತ ಎಂದಿದ್ದವರ ಮನೆಗೆ ಎರಡು ಸಲ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಮೊದಲ ಸರದಿ ಮುಗಿಸಿ, ಕೈಗವಸು ಕಳಚಿ, ಹಾಲ್‌ನ ಪೂರ್ವದ ಗೋಡೆಯ ಮುಂದೆ ನಿಲ್ಲುತ್ತಾರೆ. ಕಿಟಕಿಯಿಲ್ಲದ ಗೋಡೆ. ಅದರಾಚೆ ರಸ್ತೆ, ಅಂಗಡಿ ಸಾಲು, ಶಾಲೆಗೆ ಹೋಗುವ ಮಕ್ಕಳು.

“ಇಲ್ಲೊಂದು ಕಿಟಕಿ ಆಗಬೇಕು. ಪಾಪ, ನಾಲ್ಕು ಗಂಟೆ ಸೂರು ನೋಡ್ಕೊಂಡು ಮಲಗಿರ್ತಾರೆ. ಅರ್ಜಿ ಕೊಟ್ಟಿದ್ದೀನಿ, ಮುಂದಿನ ತಿಂಗಳು ಗೋಡೆ ಒಡೀತಾರಂತೆ. ಎಷ್ಟು ಎತ್ತರಕ್ಕೆ ಇಡಬೇಕು ಅಂತ ಮೇಸ್ತ್ರಿ ಕೇಳಿದ್ರು. ನಿಂತವರ ಅಳತೆ ಬೇಡ ಅಂದೆ. ನಾನೇ ಒಂದನೇ ಹಾಸಿಗೆ ಮೇಲೆ ಮಲಗಿ, ಕೈ ಚಾಚಿ, ಗೋಡೆ ಮೇಲೆ ಗೆರೆ ಹಾಕಿಸಿದೀನಿ.”